ಸೋಲಾಪುರದಿಂದ ತಂಗಿಯನ್ನು ಕರೆತಂದದ್ದು

ಹುಮನಾಬಾದ

ನಮ್ಮೂರಿನಿಂದ ಪರದೇಶಕ್ಕೆ ಮೋಟಾರು ಹೋಗುತ್ತದೆ. ಬೆಳಿಗ್ಗೆ ಹುಮನಾಬಾದದ ಅಡ್ಡೆಯಲ್ಲಿ ಹತ್ತಿ ಕುಳಿತರೆ, ಎಂಜಿನ್ನಿನ ಮನಸ್ಸು ಒಳ್ಳೆಯದಿದ್ದರೆ, ಹೊತ್ತು ಮುಳುಗುವುದರೊಳಗೆ ಇನ್ನೊಬ್ಬ ದೊರೆಯ ರಾಜ್ಯದಲ್ಲಿ ಇಳಿಯಬಹುದು. ಅಲ್ಲಿ ನಮ್ಮ ನಿಜಾಮರ ಹಾಲಿ ಸಿಕ್ಕಾ ನಡೆಯುವುದಿಲ್ಲ, ಇಂಗ್ರೇಜರ ಕಲ್ದಾರ ರೂಪಾಯಿ ಬೇಕು. ಅಂಚೆ ಟಿಕೆಟ್ಟಿನ ಮೇಲಿನ ಮುದ್ರೆಯೂ ಬೇರೆ. ನಡುವೆ ಒಂದು ಗಡಿ, ಗಡಿಯಲ್ಲಿ ರಸ್ತೆಗೆ ಅಡ್ಡಲಾಗಿ ಒಂದು ಮರದ ತೊಲೆ, ತೊಲೆಯ ಪಕ್ಕದಲ್ಲಿ ಕರೋಡಗಿರಿ ನಾಕೆ. ಗಡಿ ದಾಟುವ ಸರಕಿಗೆಲ್ಲ ಸುಂಕ ಎತ್ತುವುದು ಅಲ್ಲಿಯೇ. ನಮ್ಮ ಕಡೆಯ ಮುದುಕರು ಸೋಲಾಪುರಕ್ಕೆ ಹೋಗಿಬಂದವನನ್ನು ‘ಇಂಗ್ರೇಜಿ ಮುಲುಕ ನೋಡಿ ಬಂದಾವ’ ಎಂದು ಕರೆದು, ಕಟ್ಟೆಯ ಮೇಲೆ ಸ್ವಲ್ಪ ಸರಿದು ಜಾಗ ಕೊಡುತ್ತಾರೆ. ಹಾಗೆ ಸರಿದು ಕೊಟ್ಟ ಜಾಗದಲ್ಲಿ ಕುಳಿತು ನಾನು ಬಾಯಲ್ಲಿ ಹೇಳಲಾರದೆ ಹೋದದ್ದನ್ನು ಇಲ್ಲಿ ಬರೆಯುತ್ತಿದ್ದೇನೆ.

ನಾನು ಹುಮನಾಬಾದದ ಪೇಟೆಯಲ್ಲಿ ದರ್ಜಿ. ಹುಟ್ಟೂರು ಕಲ್ಯಾಣ. ಅಲ್ಲಿಯ ಮಠದ ಸಾಲೆಯಲ್ಲಿ ಅಯ್ಯನವರು ಕಲಿಸಿದಷ್ಟು ಕನ್ನಡ ನನ್ನದು. ನನಗೆ ಒಬ್ಬಳೇ ತಂಗಿ, ಈರಮ್ಮ. ಅವಳನ್ನು ಹುಡಗಿ ಎಂಬ ಊರಿಗೆ ಕೊಟ್ಟಿದ್ದೆವು. ಅವಳ ಗಂಡ ಬೇಗ ತೀರಿಕೊಂಡ. ಆ ಊರಿನ ಕೆಲವರು ಸೋಲಾಪುರದ ನೂಲಿನ ಗಿರಣಿಗೆ ಹೊರಟಾಗ ಅವಳೂ ಗಂಟು ಕಟ್ಟಿದಳು.

“ಇಲ್ಲೇ ಇರು ತಂಗಿ. ನನ್ನ ಮಶೀನಿನ ಮಗ್ಗಲಾಗ ಕೂತು ಕಾಜಾ ಹಾಕು,” ಎಂದಿದ್ದೆ.

“ನಿನ್ನ ಗಿರಾಕಿಗೋಳು ಹೊಲಿಗಿಗೇ ರೊಕ್ಕಾ ಕೊಡವಲ್ರು. ಇನ್ನ ಕಾಜಾಕ್ಕ ಯಾರ ಕೊಡ್ತಾರಣ್ಣಾ?” ಎಂದು ನಕ್ಕು ಹೋದಳು.

ನಮ್ಮಲ್ಲಿ ನಾಗರ ಪಂಚಮಿಗೆ ಹೆಣ್ಣುಮಕ್ಕಳು ತವರಿಗೆ ಬರಬೇಕು. ಅವರಾಗಿ ಬರುವಂತಿಲ್ಲ, ಅಣ್ಣನೋ ತಮ್ಮನೋ ಹೋಗಿ ಕರೆಯಬೇಕು. ಈರಮ್ಮ ಗಿರಣಿಗೆ ಸೇರಿದ ಮೇಲೆ ಪ್ರತಿ ಶ್ರಾವಣಕ್ಕೂ ನಾನು ಹೇಳಿಕಳಿಸುವುದು, ಅವಳು ‘ಈ ಸಲ ಬ್ಯಾಡ’ ಎನ್ನುವುದು ನಡೆದಿತ್ತು. ತಿಂಗಳಲ್ಲಿ ಒಂದು ದಿನವೂ ತಪ್ಪದೆ ಬಂದವರಿಗೆ ಕಂಪನಿ ಹಾಜರಿ ಭತ್ತೆ ಕೊಡುತ್ತಿತ್ತಂತೆ, ಹಬ್ಬಕ್ಕೆ ಬಂದರೆ ಅದು ಹೋಗುತ್ತದೆ. ಆ ವರ್ಷ ಮಾತ್ರ ಹುಡಗಿ ಊರಿನ ಒಬ್ಬನ ಕೈಯಲ್ಲಿ ಸುದ್ದಿ ಬಂತು: ರಜಾ ಸಿಕ್ಕಿದೆ, ಅಣ್ಣ ಬಂದು ಕರೆಯಲಿ. ಆಷಾಢದ ಮಳೆಯಲ್ಲಿ ಅದೇ ಮನುಷ್ಯ ಮತ್ತೆ ಬಂದ. ಚಪ್ಪಲಿ ಕೈಯಲ್ಲಿ ಹಿಡಿದು ಅಂಗಡಿಯ ಕೆಳಗೇ ನಿಂತ, ಮೇಲೆ ಹತ್ತಲಿಲ್ಲ. ಈರಮ್ಮನಿಗೆ ಜ್ವರವಂತೆ. ಮಣ್ಣೂ ಆಗಿಹೋಗಿತ್ತು.

ಪಂಚಮಿ ಹತ್ತಿರ ಬಂದಾಗ ನಾನು ಚೀಲ ತುಂಬಿದೆ. ಬೇರೇನಿಲ್ಲ, ಒಂದು ಧೋತರ, ಮತ್ತೆ ಕತ್ತರಿ, ಸೂಜಿ, ದಾರ. ದರ್ಜಿ ಊರು ಬಿಟ್ಟರೂ ಕತ್ತರಿ ಬಿಡುವುದಿಲ್ಲ. ದಾರಿಯಲ್ಲಿ ಯಾರದೋ ಗುಂಡಿ ಹಚ್ಚಿದರೆ ಒಂದು ಹೊತ್ತಿನ ಊಟ ಕಳೆಯುತ್ತದೆ.

“ಎಲ್ಲಿಗಿ ಹೊಂಟ್ರಿ?” ಎಂದು ಹೆಂಡತಿ ಕೇಳಿದಳು.

“ಈರಮ್ಮನ್ನ ಕರೀಲಾಕ.”

ಅವಳು ನನ್ನ ಮುಖ ನೋಡಿದಳು. ಆಮೇಲೆ ಒಳಗೆ ಹೋಗಿ ರೊಟ್ಟಿ ಕಟ್ಟಿಕೊಟ್ಟಳು. ಇಬ್ಬರಿಗಾಗುವಷ್ಟು ರೊಟ್ಟಿ ಇತ್ತು ಎಂಬುದು ಗಂಟು ಬಿಚ್ಚಿದಾಗ ತಿಳಿಯಿತು.

ಕಲ್ಯಾಣದ ಕೂಡುರಸ್ತೆ

ಲಡಾಯಿಯಿಂದಾಗಿ ಪೆಟ್ರೋಲು ಸಿಗದೆ ಮೋಟಾರುಗಳೆಲ್ಲ ಇದ್ದಲಿಯ ಗ್ಯಾಸಿನ ಮೇಲೆ ಓಡುತ್ತಿದ್ದ ಕಾಲ ಅದು. ಹಿಂದುಗಡೆ ಒಂದು ದೊಡ್ಡ ಒಲೆ. ಕ್ಲೀನರು ಆಗಾಗ ಇಳಿದು ಅದಕ್ಕೆ ಗಾಳಿ ಹಾಕುವನು. ಏರು ಬಂದರೆ ಮೋಟಾರಿಗೆ ಉಬ್ಬಸ ಹತ್ತುತ್ತಿತ್ತು, ನಾವೆಲ್ಲ ಇಳಿದು ನೂಕಬೇಕಿತ್ತು. ನನ್ನ ಪಕ್ಕದಲ್ಲಿ ನೂಕುತ್ತಿದ್ದ ಒಬ್ಬ ಒಕ್ಕಲಿಗ, “ಟಿಕೇಟ ನಾವ ತಗೊಂಡೀವೋ, ಮೋಟಾರ ತಗೊಂಡದೋ?” ಎಂದ. ಡ್ರೈವರನೂ ನಕ್ಕ.

ಕಲ್ಯಾಣಕ್ಕೆ ದಾರಿ ಒಡೆಯುವಲ್ಲಿ ನಮ್ಮ ದೊಡ್ಡವ್ವ, ನಾನು ಹೊರಟ ಸುದ್ದಿ ತಿಳಿದು, ಬೇವಿನ ಮರದ ಕೆಳಗೆ ನಿಂತಿದ್ದಳು. ಅವ್ವ ಹೋದ ಮೇಲೆ ಈರಮ್ಮನನ್ನು ತಲೆ ಬಾಚಿ ಬೆಳೆಸಿದವಳು ಅವಳೇ. ಕೈಯಲ್ಲಿ ಒಂದು ಬಿದಿರು ಬುಟ್ಟಿ. ಅದರ ತುಂಬ ಎಳ್ಳುಂಡಿ, ಶೇಂಗಾದುಂಡಿ.

“ಕರೀಲಾಕ ಹೋಗೋರು ಬರಿಗೈಲೆ ಹೋಗ್ತಾರೇನೋ?” ಎಂದಳು.

“ದೊಡ್ಡವ್ವಾ, ಅಕಿ…”

“ನನಗ ಗೊತ್ತದ. ನಾ ಏನ ಕಿವುಡಿ ಅಲ್ಲ. ಅಕಿ ಕೂಡ ಇದ್ದ ಹೆಣ್ಣಮಕ್ಕಳಿಗಿ ಬಾಯಿ ಇಲ್ಲೇನು? ಅವರಿಗಿ ಕೊಡು. ಅಕೀದು ಏನರೆ ಇದ್ದರ ತಗೊಂಡು ಬಾ. ಪಂಚಮಿ ದಿವಸ ಅದು ತವರಾಗ ಇರಬೇಕು. ಈ ಸಲ ಬರ್ತೀನಂತ ಹೇಳಿಕಳಿಸ್ಯಾಳ, ಅಕಿ ಮಾತು ಸುಳ್ಳ ಆಗಬಾರದು.”

ಮೋಟಾರು ಮುಂದೆ ಹೊರಟಿತು. ಕಲ್ಯಾಣದ ಆ ರಸ್ತೆ ಕಂಡಾಗಲೆಲ್ಲ ನನಗೆ ಅವ್ವನ ನೆನಪು. ಅವಳಿಗೂ ಇಂಥದೇ ಜ್ವರ ಬಂದಿತ್ತು. ಕಲ್ಯಾಣದಲ್ಲಿ ಔಷಧ ಕೊಡುವವರಿಲ್ಲವೆಂದು ಹುಮನಾಬಾದದ ದವಾಖಾನೆಗೆ ಬಂಡಿ ಕಟ್ಟಿದ್ದೆವು. ನಡುದಾರಿಯಲ್ಲಿ ಕೆಸರಿಗೆ ಗಾಲಿ ಇಳಿಯಿತು. ಎತ್ತುಗಳನ್ನು ಹುರಿದುಂಬಿಸಿ ಬಂಡಿ ಎತ್ತುವುದರೊಳಗೆ ಅವ್ವ ಹೋಗಿದ್ದಳು. ಆ ರಸ್ತೆಯ ಹೆಸರಿನಲ್ಲಿ ನಮ್ಮ ಜಹಗೀರದಲ್ಲಿ ವರ್ಷವರ್ಷವೂ ತೆರಿಗೆಯ ಪಟ್ಟಿ ಎತ್ತುತ್ತಿದ್ದರು. ಪಟ್ಟಿ ಬರುತ್ತಿತ್ತು, ಕಲ್ಲು ಬರುತ್ತಿರಲಿಲ್ಲ.

ನಾಕೆ

ಗಡಿಯ ನಾಕೆಯಲ್ಲಿ ಎಲ್ಲರನ್ನೂ ಇಳಿಸಿ ಗಂಟು ಬಿಚ್ಚಿಸಿದರು. ನಾಕೆಯ ಸಾಹೇಬರು ಎತ್ತರದ ಮನುಷ್ಯ, ಹಣ್ಣಾದ ಗಡ್ಡ, ಬಾಯಲ್ಲಿ ಎಲೆ. ನನ್ನ ಬುಟ್ಟಿಯ ಮೇಲಿನ ಬಟ್ಟೆ ಸರಿಸಿದರು.

“ಕ್ಯಾ ಅದ ಇದರಾಗ?”

“ಉಂಡಿ ಅವ್ರಿ ಸಾಹೇಬ್ರ. ಉಂಡಿಗಿ ಮಹಸೂಲ ಕೊಡಬೇಕೇನ್ರಿ?”

“ಅದು ತಿಂದು ನೋಡಿದ ಮ್ಯಾಲ ಹೇಳ್ತೀನಿ,” ಎಂದು ಒಂದನ್ನು ಬಾಯಿಗೆ ಹಾಕಿಕೊಂಡು, ಕಣ್ಣುಮುಚ್ಚಿ ಅಗಿದು, “ಮಾಫ್,” ಎಂದರು. “ಎಲ್ಲಿಗಿ ಹೊಂಟಿ ದರ್ಜಿ?” ಕತ್ತರಿ ನೋಡಿ ಕಸುಬು ತಿಳಿದಿತ್ತು.

“ತಂಗೀನ ಕರೀಲಾಕ್ರಿ. ಪಂಚಮಿಗಿ.”

“ಅಚ್ಛಾ, ಅಚ್ಛಾ. ಹೋಗಿ ಬಾ.”

ಬೇರೆ ಏನಾದರೂ ಹೇಳಬಹುದಿತ್ತು. ನಾಲಿಗೆಗೆ ಬಂದದ್ದು ಅದೇ. ಹೇಳಿದ ಮೇಲೆ ಹಗುರವೆನಿಸಿತು. ತೊಲೆ ಮೇಲೆದ್ದು ಪರದೇಶ ಶುರುವಾದಾಗ, ನಿಜವಾಗಿಯೂ ಅವಳು ಅಲ್ಲಿ ಗಂಟು ಕಟ್ಟಿಕೊಂಡು ಹೊಸಿಲ ಮೇಲೆ ಕುಳಿತಿದ್ದಾಳೆ ಎಂದೇ ಸ್ವಲ್ಪ ದೂರ ನಂಬಿಕೊಂಡು ಹೋದೆ. ಹೊಲಗಳು ಮಾತ್ರ ಆಚೆಗೂ ಈಚೆಗೂ ಒಂದೇ ಇದ್ದವು. ಹಂಗಾಮಿನ ಹೆಸರುಕಾಳು, ಉದ್ದು, ಅದೇ ಕರಿ ಮಣ್ಣು. ಮಣ್ಣಿಗೆ ನಾಕೆ ಗೊತ್ತಾದಂತೆ ಕಾಣಲಿಲ್ಲ.

ಸೋಲಾಪುರ

ಸೋಲಾಪುರವನ್ನು ಎಬ್ಬಿಸುವುದು, ಉಣ್ಣಿಸುವುದು, ಮಲಗಿಸುವುದು ಗಿರಣಿಯ ಭೋಂಗಾ. ಅದು ಒಮ್ಮೆ ಕೂಗಿತೆಂದರೆ ಬೀದಿಯಲ್ಲಿ ನಡೆಯುವವರೆಲ್ಲ ಓಡತೊಡಗುತ್ತಾರೆ, ಮತ್ತೊಮ್ಮೆ ಕೂಗಿತೆಂದರೆ ಓಡುವವರೆಲ್ಲ ನಿಂತು ಬೀಡಿ ಹಚ್ಚುತ್ತಾರೆ. ನಮ್ಮ ಕಡೆ ಹೊಸಬರನ್ನು ಕಂಡರೆ ‘ಯಾವೂರು, ಯಾರ ಪೈಕಿ’ ಎಂದು ಕೇಳುತ್ತೇವೆ. ಅಲ್ಲಿ ಟಾಂಗಾದವನು, ಚಹಾದವನು, ಎಲೆ ಮಾರುವವಳು, ಎಲ್ಲರೂ ನನ್ನನ್ನು ಕೇಳಿದ್ದು ಒಂದೇ: “ಯಾವ ಗಿರಣಿ?” ಯಾವ ಗಿರಣಿಯೂ ಅಲ್ಲ ಎಂದರೆ, ಪಾಪ, ಯಾರೂ ಇಲ್ಲದವನೆಂಬಂತೆ ನೋಡುತ್ತಿದ್ದರು.

ಈರಮ್ಮ ಇದ್ದ ಚಾಳನ್ನು ಕೇಳಿಕೊಂಡು ಹೋದೆ. ಕಂಪನಿಯೇ ಕಟ್ಟಿಸಿದ ಉದ್ದನೆಯ ಸಾಲುಮನೆ, ಅಂಗಳದಲ್ಲಿ ಒಂದು ನಳ. ನಾನು ನಳವನ್ನು ಅಷ್ಟು ಹತ್ತಿರದಿಂದ ಕಂಡಿರಲಿಲ್ಲ. ತಿರುವಿದೆ, ನೀರು ಬಂತು. ಕಾಲು ತೊಳೆದೆ, ಮುಖ ತೊಳೆದೆ, ಬೊಗಸೆಯೊಡ್ಡಿ ಕುಡಿದೆ, ನೀರು ಬರುತ್ತಲೇ ಇತ್ತು. ಸುಮ್ಮನೆ ನೋಡುತ್ತ ನಿಂತುಬಿಟ್ಟೆ.

“ಏ ಯಪ್ಪಾ! ಬಂದ ಮಾಡು ಅದನ್ನ!” ಎಂದು ಒಬ್ಬ ಹೆಂಗಸು ಕೊಡ ಹಿಡಿದು ಓಡಿ ಬಂದಳು. “ಅದೇನ ನಿಮ್ಮೂರ ಹಳ್ಳ ಅಂತ ತಿಳಕೊಂಡೀಯೇನು? ಮುನಸಿಪಾಲ್ಟಿಯವರು ಪಟ್ಟಿ ತಗೊಂಡು ಅಳದು ಬಿಡ್ತಾರ ನೀರು. ನಿನ್ನ ಕಾಲಿಗೇ ಸುರದುಬಿಟ್ರ ನಾವೇನ ಕುಡೀಬೇಕು?”

ನಾನು ಗಡಿಬಿಡಿಯಿಂದ ತಿರುವಿದ್ದು ಉಲ್ಟಾ ಆಗಿ ನೀರು ಇನ್ನೂ ಜೋರಾಗಿ ಬಂದು ಅವಳ ಸೀರೆಯೆಲ್ಲ ತೋಯಿತು. ಅವಳೇ ನನ್ನ ಕೈ ಸರಿಸಿ ನಿಲ್ಲಿಸಿದಳು. “ಯಾರು ನೀನು?”

“ಈರಮ್ಮನ ಅಣ್ಣರಿ. ಹುಮನಾಬಾದದಿಂದ ಬಂದೀನಿ.”

ಅವಳ ದನಿ ಒಮ್ಮೆಲೆ ಇಳಿಯಿತು. “ಬರ್ರಿ ಅಣ್ಣಾರ,” ಎಂದಳು. “ತಪ್ಪ ತಿಳೀಬ್ಯಾಡ್ರಿ. ನಾ ಭಾಗಕ್ಕ. ಅಕಿ ನನ್ನ ಖೋಲ್ಯಾಗ ಇದ್ದಳು.”

ಭಾಗಕ್ಕ ಅಕ್ಕಲಕೋಟೆಯ ಕಡೆಯವಳು, ನಡುವಯಸ್ಸಿನವಳು, ಗಿರಣಿಯಲ್ಲಿ ಈರಮ್ಮನ ಮಗ್ಗುಲಲ್ಲಿಯೇ ನೂಲು ಸುತ್ತುವ ಕೆಲಸ. ಖೋಲಿಯಲ್ಲಿ ಎರಡು ಚಾಪೆ ಸುತ್ತಿಟ್ಟಿದ್ದವು. ಗೋಡೆಯ ಎರಡು ಗೂಟಗಳಲ್ಲಿ ಒಂದು ಖಾಲಿ ಇತ್ತು. “ಹೊಸಬಾಕಿ ಬರೂತನಾ ಖಾಲಿ ಇಟ್ಟೀನಿ. ಕಂಪನಿಯವರು ಬ್ಯಾರೆ ಯಾರನ್ನರೆ ಹಾಕ್ತಾರ,” ಎಂದಳು. ಕೆಲಸ ಇರುವವರೆಗೆ ಖೋಲಿ, ಅದು ಅಲ್ಲಿಯ ಕಟ್ಟಳೆ.

ಈರಮ್ಮನ ಗಂಟು ತಂದು ನನ್ನ ಮುಂದಿಟ್ಟಳು. ಎರಡು ಹಳೆಯ ಸೀರೆಗಳನ್ನು ನೆರೆಮನೆಯ ಬಡವಿಗೆ ಕೊಡು ಎಂದು ಈರಮ್ಮನೇ ಹೇಳಿದ್ದಳಂತೆ, ಕೊಟ್ಟಾಗಿತ್ತು. ಉಳಿದದ್ದು ಒಂದು ಬಟ್ಟೆ. ಬಿಳಿಯ ಅಂಗಿ ಬಟ್ಟೆ, ಸಣ್ಣ ನೀಲಿ ಗೆರೆಯದು. ಗಂಜಿ ಹೋಗಿರಲಿಲ್ಲ. ನಾಲ್ಕು ಮಡಿಕೆ ಮಾಡಿ, ಗಿರಣಿಯ ನೂಲಿನಿಂದ ಕಟ್ಟಿ, ಗಂಟು ಹಾಕಿದ್ದಳು. ಚಿಕ್ಕಂದಿನಿಂದಲೂ ಅವಳ ಗಂಟು ಹಾಗೆಯೇ, ಬೇಕಾದ್ದಕ್ಕಿಂತ ಒಂದು ಸುತ್ತು ಹೆಚ್ಚು.

“ನಿಮಗಂತ ತಗೊಂಡಿದ್ದಳು,” ಎಂದಳು ಭಾಗಕ್ಕ. “ಈಗ ಅರಿವಿ ಎಲ್ಲಿ ಸಿಗ್ತದ? ಕಂಪನಿ ಅಂಗಡ್ಯಾಗ ಕೆಲಸದವರಿಗಿ ಇಷ್ಟಂತ ಕೊಡ್ತಾರ. ತನಗ ಸೀರಿ ತಗೋ ಅಂದ್ರ ಕೇಳಲಿಲ್ಲ. ‘ನಮ್ಮಣ್ಣ ಊರಿಗೆಲ್ಲ ಹೊಲಿತಾನ, ತನ್ನ ಸವದ ಕಾಲರ ಮಾತ್ರ ಮಗುಚಿ ಮಗುಚಿ ಹಾಕ್ಕೋತಾನ. ಪಂಚಮಿಗಿ ಕರೀಲಾಕ ಬಂದಾಗ ಕೊಡ್ತೀನಿ’ ಅಂದಳು.”

ನಾನು ತಿಳಿಯದೆಯೇ ಕಾಲರಿಗೆ ಕೈ ಹಾಕಿದೆ. ಅದನ್ನು ಎರಡನೆಯ ಸಲ ಮಗುಚಿ ಹೊಲಿದು ಬಹಳ ದಿನವಾಗಿರಲಿಲ್ಲ.

ಸಂಜೆ ಉಂಡಿಗಳನ್ನು ಚಾಳಿಗೆಲ್ಲ ಹಂಚಿದೆವು. ಮೆಟ್ಟಿಲ ಮೇಲೆ ಕುಳಿತು ಪೇಪರು ಓದಿ ಹೇಳುವ ಒಬ್ಬ ಮುದುಕರಿದ್ದರು. ಗಿರಣಿಯಲ್ಲಿ ಟೈಂಕೀಪರ್, ಬಾಗಿಲಲ್ಲಿ ನಿಂತು ಯಾರು ಯಾವಾಗ ಬಂದರೆಂದು ಬರೆಯುವವರು. ಎಲ್ಲರಿಗೂ ಕಾಕಾ. ಉಂಡೆ ಮುರಿಯುತ್ತ ಅವರು ನನಗೆ, “ನಾಳೆ ದವಾಖಾನಿ ನೋಡಿ ಹೋಗ್ರಿ. ನಿಮ್ಮ ತಂಗೀನ ಚಂದ ನೋಡಿಕೊಂಡಾರ. ಕಂಪನಿ ದವಾಖಾನಿ,” ಎಂದರು.

“ಕಂಪನಿಗಿ ದವಾಖಾನಿ ಯಾಕ್ರಿ? ಅರಿವಿ ನೇಯೋ ಕಂಪನಿ ಅಲ್ಲೇನ್ರಿ?” ಎಂದು ಕೇಳಿದೆ.

“ಹಾಂ, ಅದ ನೋಡ್ರಿ ಮಜಾ. ಲಡಾಯಿ ಬಂದಾಗಿಂದ ಫೌಜಿಗಿ ಅರಿವಿ ಹೊಂಟದ, ಗಿರಣಿಗಿ ಫಾಯದಾ ಬರಲಾಕತ್ತದ. ಲಡಾಯಿಯಿಂದ ಬಂದ ಹೆಚ್ಚಿನ ಫಾಯದಾದಾಗ ದೊಡ್ಡ ಪಾಲು ತೆರಿಗಿ ಕೊಡು ಅಂತ ಸರಕಾರ ಕುಂತದ. ಆದ್ರ ಕೆಲಸದವರ ಸಲುವಾಗಿ ಖರ್ಚು ಮಾಡಿದ್ರ ಅದು ಫಾಯದಾ ಅಲ್ಲ, ಖರ್ಚು. ಅದಕ್ಕ ತೆರಿಗಿ ಇಲ್ಲ. ಮಾಲಕ ಏನಂದ? ಹ್ಯಾಂಗೂ ಸರಕಾರಕ್ಕ ಹೋಗೂ ರೊಕ್ಕಾ, ಇಲ್ಲೇ ದವಾಖಾನಿ ಕಟ್ಟಿಸಿದ್ರ ಕಲ್ಲಿನ ಮ್ಯಾಲ ನನ್ನ ಹೆಸರರೆ ಉಳೀತದ ಅಂದ.”

“ಅಂದ್ರ ಆ ದವಾಖಾನಿ ಯಾರದು ಕಾಕಾ? ಮಾಲಕಂದೋ, ಸರಕಾರದ್ದೋ?” ಎಂದಳು ಭಾಗಕ್ಕ.

“ಕಲ್ಲಿನ ಮ್ಯಾಲ ಮಾಲಕಂದು. ಹಕೀಕತ್ತಿನಾಗ ಸರಕಾರದ್ದು.”

“ಹತ್ತಿ ಧೂಳ ನುಂಗಿ ಕೆಮ್ಮೋರು ನಾವು. ನಮ್ಮ ಹೆಸರು ಎಲ್ಲೂ ಇಲ್ಲ ನೋಡ್ರಿ.”

“ಇಲ್ಲ ಅಂತ ಯಾಕ ಅಂತಿ? ನಾ ದಿನಾ ಬರಕೋತೀನಲ್ಲ, ಭಾಗೀರಥಿ ತಡಾ ಬಂದಳು ಅಂತ.”

ಎಲ್ಲರೂ ನಕ್ಕರು. ಭಾಗಕ್ಕ ಕಾಕಾನ ಕೈಯಲ್ಲಿದ್ದ ಅರ್ಧ ಉಂಡೆ ಕಿತ್ತುಕೊಂಡಳು. “ನಗಬ್ಯಾಡ್ರಿ. ಲಡಾಯಿ ಮುಗದು ಆ ತೆರಿಗಿ ಹೋದ ಮ್ಯಾಲ ದವಾಖಾನಿ ಇರ್ತದೋ ಇಲ್ಲೋ, ಅದನ್ನ ಹೇಳ್ರಿ.”

ಕಾಕಾ ಪೇಪರು ಮಡಚಿದರು. “ಅದೇ ಮಾತು. ಮಾಲಕನ ಮರ್ಜಿ ಇದ್ರ ಇರ್ತದ. ಗಿರಣಿಯವರು ಒಂದು ಪಾಲು, ಕೆಲಸದವರು ಒಂದು ಪಾಲು ಹಾಕಬೇಕು, ಸರಕಾರ ನಡಸಬೇಕು, ಮರ್ಜಿ ಮಾತು ಇರಬಾರದು ಅಂತ ಈಗ ಬರೀಲಾಕತ್ತಾರ. ಆದಾಗ ಖರೆ.” ನನ್ನ ಕಡೆ ತಿರುಗಿ, “ನಿಮ್ಮ ನಿಜಾಮರ ಮುಗಲಾಯಿಯೊಳಗ ಹ್ಯಾಂಗ್ರಿ? ನೀವೂ ಪಟ್ಟಿ ಕೊಡ್ತೀರಲ್ಲ. ಅದಕ್ಕ ಏನ ಕೊಡ್ತಾರ?”

“ರಶೀದಿ ಕೊಡ್ತಾರ್ರಿ,” ಎಂದೆ.

ನಾನು ನಗಿಸಲೆಂದು ಹೇಳಿರಲಿಲ್ಲ. ಅವರು ನಕ್ಕಿದ್ದನ್ನು ಕಂಡು ನನಗೂ ನಗು ಬಂತು. ಈರಮ್ಮ ಹೋದ ಮೇಲೆ ಮೊದಲ ಸಲ. ನಕ್ಕ ಮೇಲೆ, ಇವರ ನಡುವೆ ದಿನಾ ಸಂಜೆ ಅವಳೂ ಹೀಗೆಯೇ ಕುಳಿತಿರುತ್ತಿದ್ದಳು ಎನಿಸಿ, ಯಾವ ಮೆಟ್ಟಿಲು ಅವಳದು ಎಂದು ಕೇಳಬೇಕೆನಿಸಿತು.

ದವಾಖಾನೆ

ಮರುದಿನ ಭಾಗಕ್ಕ ಪಾಳಿಗೆ ಹೋಗುವ ಮೊದಲು ನನ್ನನ್ನು ಅಲ್ಲಿಗೆ ಕರೆದೊಯ್ದಳು. ಬಾಗಿಲ ಮೇಲೆ ಕಾಕಾ ಹೇಳಿದ ಕಲ್ಲು ಇತ್ತು. ಒಳಗೆ ಫಿನಾಯಿಲಿನ ವಾಸನೆ, ಸುಣ್ಣ ಬಳಿದ ಗೋಡೆ, ಸಾಲಾಗಿ ಕಬ್ಬಿಣದ ಮಂಚಗಳು. ಕಿಟಕಿಯ ಪಕ್ಕದ ಒಂದು ಮಂಚ ತೋರಿಸಿ, “ಇದು,” ಎಂದಳು. ಅದರ ಮೇಲೆ ಯಾರೋ ಬಾಣಂತಿ ಮಲಗಿದ್ದಳು. ಮಗ್ಗುಲಲ್ಲಿ ಕೆಂಪನೆಯ ಕೂಸು. ಅಪರಿಚಿತ ಗಂಡಸು ನೋಡುತ್ತಿದ್ದಾನೆಂದು ಅವಳು ಸೆರಗು ಎಳೆದುಕೊಂಡಳು. ನಾನು ನೋಡುತ್ತಿದ್ದುದು ಹಾಸಿಗೆಯ ಮೇಲಿನ ಬಿಳಿ ಬಟ್ಟೆಯನ್ನು. ಅದರ ಅಂಚಿನ ಹೊಲಿಗೆ ನೆಟ್ಟಗಿತ್ತು. ನಮ್ಮ ಮನೆಯಲ್ಲಿ ಯಾರೂ ಅಂಥ ಬಟ್ಟೆಯ ಮೇಲೆ ಮಲಗಿದವರಲ್ಲ.

“ಡಾಕ್ಟರು ದಿನಾ ಬಂದ್ರು. ನರ್ಸಬಾಯಿ ಎರಡು ಸಲ ಜ್ವರಾ ನೋಡತಿದ್ದಳು. ಆದ್ರೂ ಉಳೀಲಿಲ್ಲ ನೋಡ್ರಿ,” ಎಂದಳು ಭಾಗಕ್ಕ. “ಕಡೀಕ ನೀರ ಕೇಳಿದಳು. ನಳದ್ದು ಬ್ಯಾಡ, ಕಲ್ಯಾಣದ್ದು ಬೇಕು ಅಂದಳು. ನಾ ನಳದ್ದೇ ಕೊಟ್ಟು ಕಲ್ಯಾಣದ್ದ ಅಂತ ಹೇಳಿದೆ.”

ಅವ್ವ ತನ್ನವರ ತೊಡೆಯ ಮೇಲೆ ತಲೆಯಿಟ್ಟು ಕೆಸರಿನಲ್ಲಿ ಹೋದಳು. ತಂಗಿ ಬಿಳಿ ಹಾಸಿಗೆಯಲ್ಲಿ, ಔಷಧ ಕುಡಿದು, ಪರದೇಶದಲ್ಲಿ ಹೋದಳು. ಈ ಎರಡರಲ್ಲಿ ಯಾವುದು ಮೇಲು ಎಂದು ನನ್ನನ್ನು ಯಾರಾದರೂ ಕೇಳಿದರೆ ನನಗೆ ಹೇಳಲು ಬಾರದು. ಅವ್ವನಿಗೆ ಆ ಮಂಚ, ಈರಮ್ಮನಿಗೆ ಆ ತೊಡೆ ಸಿಕ್ಕಿದ್ದರೆ ಎಂದು ಮಾತ್ರ ಅನಿಸುತ್ತದೆ. ಎರಡೂ ಒಂದೇ ಊರಲ್ಲಿ ಸಿಗುವ ದಿನ ಬಂದೀತು. ಕಾಕಾನ ಪೇಪರಿನಲ್ಲಿ ಅದೂ ಒಂದು ದಿನ ಬಂದೀತು.

ಅಲ್ಲಿಂದ ಊರ ಹೊರಗಿನ ಮಸಣಕ್ಕೆ ಹೋದೆವು. ಮಳೆಗೆ ಮಣ್ಣು ಕುಸಿದು, ಮೇಲೆ ಹುಲ್ಲು ಸಣ್ಣಗೆ ಚಿಗುರಿತ್ತು. ಕೆಲಸದವರು ತೀರಿಕೊಂಡರೆ ಮೈಮೇಲೆ ಹೊದಿಸುವ ಹೊಸ ಬಟ್ಟೆಯನ್ನು ಕಂಪನಿಯೇ ಕೊಡುವ ಪದ್ಧತಿ ಅಲ್ಲಿದೆ ಎಂದು ಭಾಗಕ್ಕ ಹೇಳಿದಳು. “ಅರಿವಿ ಕಂಪನಿದು, ಜಾಗಾ ಮುನಸಿಪಾಲ್ಟಿದು. ಮಣ್ಣ ಹಾಕಿದವರು ಮಾತ್ರ ನಾವು ಅಣ್ಣಾರ,” ಎಂದಳು. ನಾನು ಅವಳ ಕಾಲಿಗೆ ಬಗ್ಗಿದೆ. ಅವಳು ಹಿಂದೆ ಸರಿದು, “ಏ, ಇದೇನ ಮಾಡ್ತೀರಿ! ಭೋಂಗಾ ಆತು, ಕಾಕಾ ಬರಕೋತಾನ,” ಎಂದು ಕಣ್ಣೊರೆಸಿಕೊಂಡಳು.

ಹೊರಡುವಾಗ ಒಂದು ಮಾತು ಹೇಳಿದಳು. “ಆ ಅರಿವಿ ಹಂಗ ಒಯ್ಯಬ್ಯಾಡ್ರಿ. ಈಗ ಅರಿವಿಗಿ ಕಂಟ್ರೋಲು. ಹೊಲೀಲಾರದ ಕೋರಾ ಅರಿವಿ ನಾಕ್ಯಾಗ ಹಿಡೀತಾರ. ಇಲ್ಲೇ ಅಂಗಿ ಹೊಲಕೊಂಡು ಮೈಮ್ಯಾಲ ಹಾಕ್ಕೊಂಡು ಹೋಗ್ರಿ. ದರ್ಜಿ ಅದೀರಿ, ಎಷ್ಟೊತ್ತಿನ ಕೆಲಸ?”

ಅವಳು ಹೇಳಿದ್ದು ಸರಿಯಿತ್ತು. ಆದರೆ ಆ ಗಂಟು ಈರಮ್ಮ ಹಾಕಿದ್ದು, ಆ ಮಡಿಕೆ ಅವಳ ಕೈಯದು. ಅದು ಬಿಚ್ಚುವುದಾದರೆ ದೊಡ್ಡವ್ವನ ಮುಂದೆ, ಕಲ್ಯಾಣದಲ್ಲಿ ಬಿಚ್ಚಲಿ ಎಂದು ಹಾಗೆಯೇ ಚೀಲದಲ್ಲಿ ಇಟ್ಟುಕೊಂಡೆ.

ಮತ್ತೆ ನಾಕೆ

ಪಂಚಮಿ ಮಾರನೆಯ ದಿನವಿತ್ತು. ಹಿಂದಿರುಗುವ ಮೋಟಾರಿನಲ್ಲಿ ನನ್ನ ಪಕ್ಕದಲ್ಲಿ ಒಬ್ಬ ಮುದುಕಿ ಎರಡಾಳಿನ ಜಾಗದಲ್ಲಿ ಕುಳಿತಿದ್ದಳು. ಶ್ರಾವಣದ ತಂಪಿನಲ್ಲಿಯೂ ಬೆವರು ಧಾರಾಕಾರ. ನಾಕೆಯಲ್ಲಿ ಸಿಪಾಯಿ ಅವಳ ಗಂಟು ನೋಡಿದ, ಹಳೆ ತಂಬಿಗೆಯೊಂದು ಬಿಟ್ಟರೆ ಏನೂ ಇರಲಿಲ್ಲ. ಹೊಸ ಸೀರೆಗಳೆಲ್ಲ ಒಂದರ ಮೇಲೊಂದು ಮೈಮೇಲೆಯೇ ಇದ್ದವು. ಉಟ್ಟ ಬಟ್ಟೆಗೆ ಸುಂಕವಿಲ್ಲ, ಕಂಟ್ರೋಲೂ ಇಲ್ಲ. ಸಿಪಾಯಿಗೆ ಗೊತ್ತಾಗದೇನೂ ಇರಲಿಲ್ಲ. ಆದರೆ ಹೆಣ್ಣುಮಗಳ ಸೆರಗು ಎಣಿಸುವುದು ಹೇಗೆ?

ನನ್ನ ಚೀಲದಿಂದ ಬಟ್ಟೆ ಹೊರಬಂತು. ಸಾಹೇಬರು ಗುರುತು ಹಿಡಿದರು.

“ಕ್ಯಾ ದರ್ಜಿ, ತಂಗಿ ಎಲ್ಲಿ?”

“ಬರಲಿಲ್ಲರಿ.”

ಬಟ್ಟೆಯ ಅಂಚನ್ನು ಬೆರಳಿನಿಂದ ಉಜ್ಜಿ ನೋಡಿದರು. “ಕೋರಾ ಅರಿವಿ. ಪರವಾನಗಿ ಇಲ್ಲದ ಬಿಡಲಾಕ ಬರೂದಿಲ್ಲ. ಇಲ್ಲೇ ಇಟ್ಟು ರಶೀದಿ ತಗೋ. ಜಿಲ್ಲಾ ಕಚೇರಿಯಿಂದ ಚೀಟಿ ತಂದು ಆಮ್ಯಾಲ ಒಯ್ಯಿ.”

“ನಾಳಿಗಿ ಪಂಚಮಿ ಅದರಿ ಸಾಹೇಬ್ರ. ಇದು ನಾಳಿಗಿ ಮನ್ಯಾಗ ಇರಬೇಕ್ರಿ.”

“ಹೊಲಿದಿದ್ರ ಬಿಡತಿದ್ದೆ. ಹೊಲಿದದ್ದು, ಉಟ್ಟದ್ದು ತಡೀಬಾರದು ಅಂತ ಅದ. ಥಾನು, ತುಂಡು ಬಿಡಬಾರದು ಅಂತ ಅದ. ನಾನೇನ ಮಾಡಲಿ?” ಅವರ ದನಿಯಲ್ಲಿ ಸಿಟ್ಟಿರಲಿಲ್ಲ.

ಮುದುಕಿ ನನ್ನ ಕಿವಿಯಲ್ಲಿ, “ಸುತ್ತಿಗೊಂಡು ಕೂಡಬೇಕಿಲ್ಲೇನಪಾ? ಅಷ್ಟೂ ಬುದ್ಧಿ ಬ್ಯಾಡ?” ಎಂದು ಗದರಿ, ನಡೆಯಲಾರದೆ ನಡೆಯುತ್ತ ಮೋಟಾರು ಹತ್ತಿದಳು. ಡ್ರೈವರ ಹಾರ್ನು ಹೊಡೆದ. ನಾನು ಬರುವುದಿಲ್ಲವೆಂದು ಕೈಯಾಡಿಸಿದೆ. ಸಂಜೆಯ ಮುಂದೆ ಇನ್ನೊಂದು ಮೋಟಾರು ಇತ್ತು.

ನಾಕೆಯ ಮುಂದೆ ಬೇವಿನ ಮರ, ಮರದ ಸುತ್ತ ಕಲ್ಲಿನ ಕಟ್ಟೆ. ಅಲ್ಲಿ ಕುಳಿತು ಆ ಗಂಟು ಬಿಚ್ಚಿದೆ. ಹೆಚ್ಚಿನ ಒಂದು ಸುತ್ತು ಬಿಡಿಸಲು ಉಗುರು ಸಾಲಲಿಲ್ಲ, ಹಲ್ಲು ಬೇಕಾಯಿತು. ಮಡಿಕೆ ತೆರೆದಾಗ ಗಂಜಿಯ ವಾಸನೆ ಬಂತು, ಅದರ ಹಿಂದೆ ಇನ್ನೊಂದು ವಾಸನೆ, ಅವಳ ಪೆಟ್ಟಿಗೆಯಲ್ಲಿ ಯಾವಾಗಲೂ ಇರುತ್ತಿದ್ದ ವಿಭೂತಿಯದು. ಗಾಳಿ ಬಂದು ಅದೂ ಹೋಯಿತು.

ನನಗೊಂದು ಅಂಗಿ ಕತ್ತರಿಸಬೇಕು ಎಂದುಕೊಂಡೆ. ಅವಳು ಬಯಸಿದ್ದೂ ಅದೇ. ಗುರುತು ಹಾಕಲು ಸಾಹೇಬರ ಎಲೆಡಬ್ಬಿಯಿಂದ ಕಾಚಿನ ಚೂರು ಕೇಳಿ ತಂದೆ. ಆದರೆ ದರ್ಜಿ ಯಾವತ್ತೂ ಎದುರಿಗಿರುವವರ ಮೈ ಅಳೆಯುವವನು. ನನ್ನ ಅಳತೆ ನನಗೇ ಗೊತ್ತಿರಲಿಲ್ಲ. ಗೇಣು ಹಾಕುತ್ತ, ಗೆರೆ ಎಳೆಯುತ್ತ, ಮನಸ್ಸು ಎಲ್ಲೆಲ್ಲೋ ಹೋಯಿತು. ಆ ಮಂಚ, ಖಾಲಿ ಗೂಟ, ಕಲ್ಯಾಣದ್ದೆಂದು ಕುಡಿಸಿದ ನೀರು. ಕತ್ತರಿ ತನ್ನ ಪಾಡಿಗೆ ನಡೆಯಿತು. ಬಟ್ಟೆ ಬೇರೆಯಾದ ಮೇಲೆ ತುಂಡುಗಳನ್ನು ಜೋಡಿಸಲು ಹೋಗಿ ನೋಡುತ್ತೇನೆ, ಅಂಗಿಯಲ್ಲ. ಚಿಕ್ಕ ತೋಳು, ಚಿಕ್ಕ ಬೆನ್ನು. ಹೆಣ್ಣುಮಕ್ಕಳ ಕುಬಸ. ಎಡ ಹೆಗಲು ಬಲಕ್ಕಿಂತ ಒಂದು ಬೆರಳು ಇಳಿದಿತ್ತು.

ಈರಮ್ಮ ಚಿಕ್ಕವಳಿದ್ದಾಗಿನಿಂದ ಕಲ್ಯಾಣದ ಬಾವಿಯಿಂದ ಎಡ ಹೆಗಲ ಮೇಲೆ ಕೊಡ ಹೊತ್ತು, ಆ ಹೆಗಲು ಸ್ವಲ್ಪ ಇಳಿದೇ ನಿಂತಿತ್ತು. ಬೇರೆ ಯಾರು ಹೊಲಿದರೂ ಅವಳಿಗೆ ಕುಬಸ ಸರಿಯಾಗುತ್ತಿರಲಿಲ್ಲ. ನಾನು ಕಸುಬು ಕಲಿತು ಮೊದಲು ಹೊಲಿದದ್ದೂ ಅವಳದೇ ಕುಬಸ. ಆ ಒಂದು ಅಳತೆಯನ್ನು ನಾನು ಎಂದೂ ಬರೆದಿಟ್ಟುಕೊಂಡಿರಲಿಲ್ಲ. ಅದು ಕೈಯಲ್ಲಿಯೇ ಇತ್ತು.

ಉಳಿದ ತುಂಡುಗಳಲ್ಲಿ ಅಂಗಿ ಆಗುವಂತಿರಲಿಲ್ಲ. ಇನ್ನು ಮಾಡುವುದೇನು? ಸೂಜಿಗೆ ದಾರ ಪೋಣಿಸಿದೆ. ಕೈಹೊಲಿಗೆ ಹಾಕಿ, ಅಂಚು ಮಡಿಸಿ, ಅವಳೇ ಕಟ್ಟಿದ್ದ ನೂಲಿನಿಂದ ಮುಂದೆ ಕಟ್ಟುವ ಕಸಿ ಮಾಡಿ ಮುಗಿಸುವ ಹೊತ್ತಿಗೆ ಮರದ ನೆರಳು ತೊಲೆಯವರೆಗೆ ಹೋಗಿತ್ತು. ಸಿಪಾಯಿ ಒಮ್ಮೆ ಬಂದು ನೋಡಿ, ಚಹಾ ಇಟ್ಟು ಹೋದ.

ಸಾಹೇಬರು ಕುಬಸವನ್ನು ಕೈಯಲ್ಲಿ ಹಿಡಿದು ತಿರುವಿ ಮುರುವಿ ನೋಡಿದರು. “ಇದು ಹೆಣ್ಣಮಕ್ಕಳದು. ಉಡೋರು ಜತಿಗಿ ಇರಬೇಕು ದರ್ಜಿ. ಇಲ್ಲಾಂದ್ರ ಇದೂ ಸರಕೇ ಆತು.” ಮತ್ತೆ ಹೆಗಲುಗಳನ್ನು ಜೋಡಿಸಿ ನೋಡಿ, “ಒಂದು ಹೆಗಲ ಇಳದದಲ್ಲ. ಕತ್ತರಿ ತಪ್ಪೇದೇನು?”

“ಇಲ್ಲರಿ ಸಾಹೇಬ್ರ. ನಮ್ಮ ತಂಗೀದು ಹೆಗಲು ಹಂಗ ಇತ್ತು.”

‘ಇತ್ತು’ ಎಂದದ್ದನ್ನು ಅವರು ಕೇಳಿಸಿಕೊಂಡರು. ನಾನು ಉಳಿದದ್ದನ್ನೂ ಹೇಳಿದೆ. ಹೋಗುವಾಗ ಕರೀಲಾಕ ಅಂದಿದ್ದೆ, ಆಗಲೇ ಅವಳು ಇರಲಿಲ್ಲ ಎಂದೆ. ಸಾಹೇಬರು ಬಾಯಲ್ಲಿದ್ದ ಎಲೆಯನ್ನು ಆಚೆ ಹೋಗಿ ಉಗುಳಿ, ಬಾಯಿ ಮುಕ್ಕಳಿಸಿ ಬಂದರು. ಕುಬಸವನ್ನು ತಾವೇ ಮಡಚಿ, ಉಳಿದ ತುಂಡುಗಳನ್ನು ಅದರ ಮೇಲಿಟ್ಟು ನನ್ನ ಕೈಗೆ ಕೊಟ್ಟರು.

“ಉಟ್ಟದ್ದು ಅದ. ಹಳೇದು,” ಎಂದರು ಸಿಪಾಯಿಗೆ. “ಚಿಂದಿಗಿ ಕಟ್ಟಳೆ ಇಲ್ಲ. ತೊಲಿ ಎತ್ತು.”

ಕಲ್ಯಾಣ

ಕೂಡುರಸ್ತೆಯಲ್ಲಿ ಇಳಿದು, ಒಂದು ಬಂಡಿ ಹಿಡಿದು ಊರು ಸೇರಿದೆ. ಬೆಳಗಾದಾಗ ಓಣಿಯ ಬೇವಿನ ಮರಗಳಲ್ಲಿ ಜೋಕಾಲಿ ಕಟ್ಟಿದ್ದರು. ತವರಿಗೆ ಬಂದ ಹೆಣ್ಣುಮಕ್ಕಳ ನಗು ಮನೆಮನೆಯಿಂದ ಕೇಳುತ್ತಿತ್ತು. ಹೆಂಡತಿಯೂ ಹುಮನಾಬಾದದಿಂದ ಬಂದಿದ್ದಳು. ನಾಕೆಯಿಂದ ತಂದ ಚಿಂದಿಯನ್ನು ಅವಳು ನನ್ನ ಕೈಯಿಂದ ತೆಗೆದುಕೊಂಡು, ನನ್ನ ಅಂಗಿಯ ಕಾಲರಿನ ಬಣ್ಣಕ್ಕೆ ಹಿಡಿದು ನೋಡಿ, ಪೆಟ್ಟಿಗೆಯಲ್ಲಿ ಇಟ್ಟಳು. ಈಗ ಇದನ್ನು ಬರೆಯುವಾಗ ನನ್ನ ಕುತ್ತಿಗೆಗೆ ತಾಗುತ್ತಿರುವುದು ಅದೇ ನೀಲಿ ಗೆರೆಯ ಕಾಲರು.

ಪೂಜೆಯ ಜಾಗದಲ್ಲಿ ದೊಡ್ಡವ್ವ ಮಣೆ ಹಾಕಿದ್ದಳು. ಜೋಳದ ಅಳ್ಳು, ತಂಬಿಟ್ಟು, ಹಾಲಿನ ಬಟ್ಟಲು. ನಾನು ಕುಬಸ ಕೊಟ್ಟೆ. ನಾಕೆಯ ಕಥೆ, ಕತ್ತರಿಯ ಕಥೆ ಏನನ್ನೂ ಇನ್ನೂ ಹೇಳಿರಲಿಲ್ಲ. ಅವಳ ಕಣ್ಣಿಗೆ ಆಗಲೇ ಪೊರೆ ಬಂದಿತ್ತು. ಕುಬಸವನ್ನು ಮಣೆಯ ಮೇಲಿಟ್ಟು ಕೈಯಿಂದ ಸವರಿದಳು. ತೋಳು, ಬೆನ್ನು, ಬಲ ಹೆಗಲು. ಹೆಬ್ಬೆರಳು ಎಡ ಹೆಗಲಿಗೆ ಬಂದು ನಿಂತಿತು.

“ಬಂದೀಯೇನವ್ವಾ,” ಎಂದಳು. ಆಮೇಲೆ ನನ್ನ ಕಡೆ ಮುಖ ಮಾಡಿ, “ನೋಡೋ, ಇನ್ನೂ ಕೊಡ ಹೊರೂದು ಬಿಟ್ಟಿಲ್ಲ ಇಕಿ.”